ನೆಟ್‌ವರ್ಕ್ ಸಿಗದ ಊರಿನಿಂದ ಕಣ್ಗಾವಲಿನ ಕಥೆ ಬರೆಯುವುದು ಹೇಗೆ?

"ನಮ್ಮೂರಲ್ಲಿ ಒಂದು ಫೋನ್ ಮಾಡ್ಬೇಕಂದ್ರೂ ಗುಡ್ಡ ಹತ್ತಬೇಕು. ಇಂಥಲ್ಲಿ ಕೂತು ಕಣ್ಗಾವಲಿನ ಕಥೆ ಬರೆಯೋದು ಹೇಗೆ?" ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹೊಸ ಬರಹಗಾರರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿರುತ್ತಾರೆ. ಡಿಸ್ಟೋಪಿಯಾ ಕಾದಂಬರಿಗಳನ್ನು ಇಷ್ಟಪಟ್ಟು ಓದಿರುತ್ತಾರೆ. ಬರೆಯಲು ಕೂತರೆ ಮಾತ್ರ ಕಥೆ ತಾನಾಗೇ ಲಂಡನ್ನಿಗೋ ಬೆಂಗಳೂರಿಗೋ ಹೋಗಿಬಿಡುತ್ತದೆ. ಎತ್ತರದ ಗಾಜಿನ ಕಟ್ಟಡ, ಹಾರುವ ಡ್ರೋನ್, ಕಪ್ಪು ಕೋಟಿನ ಅಧಿಕಾರಿ ಬರುತ್ತಾರೆ. ಬರೆದವರ ಊರು ಅದರಲ್ಲಿ ಎಲ್ಲೂ ಕಾಣುವುದಿಲ್ಲ.

ಡಿಸ್ಟೋಪಿಯಾ ಅಂದರೆ ಕೆಟ್ಟುಹೋದ ನಾಳೆಯ ಚಿತ್ರ. ಇವತ್ತು ಸಣ್ಣದಾಗಿರುವ ಒಂದು ಕೆಡುಕು ಹೀಗೇ ಬೆಳೆದರೆ ಬದುಕು ಹೇಗಾಗಬಹುದು ಅಂತ ತೋರಿಸುವ ಕಥೆ. ಕಣ್ಗಾವಲು ಅಂದರೆ ಯಾರೋ ನಮ್ಮನ್ನು ಬಿಡದೆ ನೋಡುತ್ತಾ, ನೋಡಿದ್ದನ್ನು ಬರೆದಿಡುವುದು. ಸಾಮಾಜಿಕ ನಿಯಂತ್ರಣ ಅಂದರೆ ಆ ನೋಟದ ಬಲದಿಂದ, ಇಲ್ಲವೇ ಜಾತಿ, ಮರ್ಯಾದೆ, ಕೂಲಿ, ರೇಷನ್ ಹೆಸರಲ್ಲಿ ಜನ ಹೇಗೆ ನಡೆದುಕೊಳ್ಳಬೇಕು ಅಂತ ತೀರ್ಮಾನಿಸುವುದು. ಈ ಮೂರೂ ಮಲೆನಾಡಿನಲ್ಲಿ ಬೇಕಾದಷ್ಟಿವೆ. ಟವರ್ ಇಲ್ಲದಿದ್ದರೂ ಇವೆ.

ನನ್ನ ಮಾತು ಇಷ್ಟೇ: ಇಂಥ ಕಥೆಯನ್ನು ಕ್ಯಾಮೆರಾದಿಂದ ಶುರು ಮಾಡಬೇಡಿ, ದಾಖಲೆಯಿಂದ ಶುರು ಮಾಡಿ. ಯಾರ ಬಗ್ಗೆ ಏನು ಬರೆದಿಟ್ಟಿದ್ದಾರೆ, ಆ ಬರಹದಿಂದ ಯಾರಿಗೆ ಏನು ತಪ್ಪಿಹೋಗುತ್ತದೆ ಅನ್ನುವುದು ಗೊತ್ತಾದರೆ ಕಥೆ ತಾನೇ ದಾರಿ ಹಿಡಿಯುತ್ತದೆ.

ಏನೇನು ಬೇಕು

ಒಂದು ನೋಟ್‌ಬುಕ್. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಊರು, ಕೇರಿಯಾದರೂ ಸಾಕು. ಓದಲು ಎರಡು ಮೂರು ಪುಸ್ತಕ. ಸೊಸೈಟಿಯ ಕಟ್ಟೆಯ ಮೇಲೆ ಸುಮ್ನೆ ಕೂತು ನೋಡುವಷ್ಟು ಬಿಡುವು. ಕಂಪ್ಯೂಟರ್ ಜ್ಞಾನ ಜಾಸ್ತಿ ಬೇಕಿಲ್ಲ.

1. ಓದಿ, ಆದರೆ ಯಂತ್ರಕ್ಕಾಗಿ ಓದಬೇಡಿ

ಈ ಬಗೆಯ ಕಾದಂಬರಿಗಳಲ್ಲಿ ಹೊಸಬರ ಕಣ್ಣಿಗೆ ಮೊದಲು ಬೀಳುವುದು ಯಂತ್ರ. ನೀವು ಬೇರೆ ಪ್ರಶ್ನೆ ಇಟ್ಟುಕೊಂಡು ಓದಿ: ಇಲ್ಲಿ ಜನರನ್ನು ಹಿಡಿದಿಟ್ಟಿರುವುದು ಯಾವುದು?

ರಷ್ಯಾದ ಝಮ್ಯಾಟಿನ್ ಬರೆದ 'ವಿ' ಮೊದಲು ಅಚ್ಚಾದದ್ದು 1924ರಲ್ಲಿ, ಅದೂ ಇಂಗ್ಲಿಷ್ ಅನುವಾದದಲ್ಲಿ. ಅವನ ದೇಶದಲ್ಲಿ ಅದು ಹೊರಬರಲು 1988 ಆಗಬೇಕಾಯಿತು. ಅದರಲ್ಲಿ ಎಲ್ಲರ ಮನೆಯ ಗೋಡೆಯೂ ಗಾಜಿನದು. ಪರದೆ ಇಳಿಸಬೇಕಾದರೆ ಚೀಟಿ ಬೇಕು. ಹಿಡಿತ ಇರುವುದು ಗಾಜಿನಲ್ಲಲ್ಲ, ಆ ಚೀಟಿಯಲ್ಲಿ. ಹಕ್ಸ್‌ಲಿಯ 'ಬ್ರೇವ್ ನ್ಯೂ ವರ್ಲ್ಡ್' (1932) ಜನರನ್ನು ಹೆದರಿಸುವುದೇ ಇಲ್ಲ, ಖುಷಿಯಾಗಿಟ್ಟು ಹಿಡಿಯುತ್ತದೆ. ಬೇಸರ ಬಂದರೆ ನುಂಗಲು ಗುಳಿಗೆ ಕೊಡುತ್ತದೆ. ಆರ್ವೆಲ್‌ನ '1984' (ಅಚ್ಚಾದದ್ದು 1949ರಲ್ಲಿ) ಕಾದಂಬರಿಯಲ್ಲಿ ಮನೆ ಮನೆಯಲ್ಲೂ ನಮ್ಮನ್ನೇ ನೋಡುವ ಪರದೆ ಇದೆ. ಯಾವ ಹೊತ್ತಿಗೆ ನೋಡುತ್ತಿದ್ದಾರೆ, ಯಾವಾಗ ಇಲ್ಲ ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಜನ ಯಾವಾಗಲೂ ನೋಡುತ್ತಿದ್ದಾರೆ ಅಂದುಕೊಂಡೇ ಬದುಕುತ್ತಾರೆ. ಬ್ರಾಡ್ಬರಿಯ 'ಫ್ಯಾರನ್‌ಹೀಟ್ 451' (1953) ಕಾದಂಬರಿಯಲ್ಲಿ ಪುಸ್ತಕ ಸುಡುವ ಕೆಲಸ ಆಮೇಲೆ ಶುರುವಾದದ್ದು. ಅದಕ್ಕೂ ಮೊದಲೇ ಜನ ತಾವಾಗಿ ಓದು ಬಿಟ್ಟಿರುತ್ತಾರೆ. ಅಟ್ವುಡ್ ಅವರ 'ದ ಹ್ಯಾಂಡ್‌ಮೇಡ್ಸ್ ಟೇಲ್' (1985) ಕಥೆಯಲ್ಲಿ ಒಂದೇ ದಿನ ಹೆಂಗಸರ ಕೆಲಸ ಹೋಗುತ್ತದೆ, ಬ್ಯಾಂಕ್ ಖಾತೆಯೂ ಬಂದ್ ಆಗುತ್ತದೆ. ಅದಕ್ಕೆ ಹೊಸ ಯಂತ್ರ ಏನೂ ಬೇಕಾಗಲಿಲ್ಲ. ಖಾತೆಯ ದಾಖಲೆಯಲ್ಲಿ ಗಂಡು, ಹೆಣ್ಣು ಅಂತ ಮೊದಲೇ ಬರೆದಿತ್ತು. ಅಷ್ಟೇ ಸಾಕಾಯಿತು.

ಐದನ್ನೂ ಓದಿಯೇ ಬರೆಯಬೇಕು ಅಂತಿಲ್ಲ. ಒಂದನ್ನೇ ಓದುವುದಾದರೆ ಕೊನೆಯದನ್ನು ಓದಿ ಅನ್ನುತ್ತೇನೆ. ಹಳ್ಳಿಯ ಬದುಕಿಗೆ ಹೆಚ್ಚು ಹತ್ತಿರ ಇರುವುದು ಅದೇ.

ಎಚ್ಚರ: ಓದಿದ ಪುಸ್ತಕದ ಹೆಸರು, ಇಲಾಖೆ, ಘೋಷಣೆಗಳನ್ನು ಕನ್ನಡಕ್ಕೆ ತಿರುಗಿಸಿ ಇಟ್ಟುಕೊಳ್ಳಬೇಡಿ. ಒಂದು ಹೆಸರು ಬಂದರೆ ಸಾಕು, ಓದುಗರು ನಿಮ್ಮ ಕಥೆ ಬಿಟ್ಟು ಆ ಪುಸ್ತಕವನ್ನು ನೆನೆಯತೊಡಗುತ್ತಾರೆ.

2. ನಿಮ್ಮೂರಿನ ಕಣ್ಣುಗಳನ್ನೆಲ್ಲ ಪಟ್ಟಿ ಮಾಡಿ

ಮಲೆನಾಡಿನಲ್ಲಿ ಮನೆಗಳು ದೂರ ದೂರ. ತೋಟಕ್ಕೊಂದು ಮನೆ, ನಡುವೆ ಕಾಡು. ಆದರೂ ಯಾರ ಮನೆಗೆ ಯಾರು ಬಂದರು ಅಂತ ಸಂಜೆಯೊಳಗೆ ಊರಿಗೆಲ್ಲ ಗೊತ್ತಿರುತ್ತದೆ, ಅಲ್ವಾ? ಅದು ಹೇಗೆ ಗೊತ್ತಾಯಿತು ಅಂತ ಎಳೆ ಹಿಡಿದು ಹೋಗಿ. ದಿನಕ್ಕೆ ಎರಡೇ ಸಲ ಬರುವ ಬಸ್ಸಿನ ಕಂಡಕ್ಟರ್‌ಗೆ ಯಾರು ಎಲ್ಲಿ ಇಳಿದರು ಅನ್ನುವುದು ಗೊತ್ತು. ಡೇರಿಯಲ್ಲಿ ಹಾಲು ಅಳೆಯುವವರಿಗೆ ಯಾವ ಮನೆಯಲ್ಲಿ ಇವತ್ತು ಹಾಲು ಕಮ್ಮಿಯಾಯಿತು, ಅಂದರೆ ಯಾರ ಮನೆಗೆ ನೆಂಟರು ಬಂದಿದ್ದಾರೆ ಅನ್ನುವುದೂ ಗೊತ್ತು.

ಬಾಯಿಮಾತಿನ ಈ ಕಣ್ಣುಗಳನ್ನು ಒಂದು ಪುಟದಲ್ಲಿ ಬರೆಯಿರಿ. ಇನ್ನೊಂದು ಪುಟದಲ್ಲಿ ಬರಹದ ಕಣ್ಣುಗಳು ಬರಲಿ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ. ಬೆಳೆ ಸಮೀಕ್ಷೆಯ ಆ್ಯಪ್: ಸರ್ವೆ ನಂಬರ್ ಹಾಕಿ, ತೋಟದಲ್ಲೇ ನಿಂತು ಫೋಟೋ ತೆಗೆಯಬೇಕು, ಎಲ್ಲಿ ನಿಂತಿದ್ದೀರಿ ಅನ್ನುವುದೂ ಅದರ ಜೊತೆಗೇ ಹೋಗುತ್ತದೆ. ಸೊಸೈಟಿಯ ಸಾಲದ ಪುಸ್ತಕ. ಪಹಣಿ. ಶಾಲೆಯ ಹಾಜರಿ. ಅಡಿಕೆ ಅಂಗಳದ ಸಿಸಿಟಿವಿ. ಕಾಡಿನಲ್ಲಿ ಮರಕ್ಕೆ ಕಟ್ಟಿರುವ, ಏನಾದರೂ ಸುಳಿದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್. ಶಿವಮೊಗ್ಗ ಪೇಟೆಯವರಾದರೆ ಸರ್ಕಲ್‌ಗಳ ಕ್ಯಾಮೆರಾಗಳನ್ನೂ ಸೇರಿಸಿ. ಸ್ಮಾರ್ಟ್ ಸಿಟಿ ಯೋಜನೆಗೆ ನಮ್ಮ ನಗರ ಆಯ್ಕೆಯಾದದ್ದು 2016ರಲ್ಲಿ.

ಈಗ ಎರಡು ಪುಟವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಬಾಯಿಮಾತಿನ ಕಣ್ಣಿಗೆ ಮರೆವಿದೆ, ಕರುಣೆಯೂ ಇದೆ. ಕಂಡಕ್ಟರ್ ಕಂಡದ್ದನ್ನು ಯಾರಿಗೂ ಹೇಳದೆ ಇರಬಹುದು. ಬರಹದ ಕಣ್ಣಿಗೆ ಆ ಎರಡೂ ಇಲ್ಲ. ಹಾಗಂತ ಬಾಯಿಮಾತಿನ ಕಣ್ಣು ಮೆದು ಅಂದುಕೊಳ್ಳಬೇಡಿ. ಬೇರೆ ಜಾತಿಯವರನ್ನು ಮದುವೆಯಾದ ಹುಡುಗಿಗೆ, ಗಂಡ ತೀರಿಕೊಂಡ ಹೆಂಗಸಿಗೆ, ಕೆರೆಯ ನೀರು ಮುಟ್ಟಬಾರದು ಅನ್ನಿಸಿಕೊಂಡ ಕೇರಿಗೆ ಅದು ಎಷ್ಟು ಕಠಿಣವಾಗಿತ್ತು, ಈಗಲೂ ಇದೆ ಅನ್ನುವುದು ನಮಗೆಲ್ಲ ಗೊತ್ತು. "ಹಿಂದೆ ಹಳ್ಳಿ ಚೆನ್ನಾಗಿತ್ತು, ಯಂತ್ರ ಬಂದು ಕೆಡಿಸಿತು" ಅಂತ ಬರೆದರೆ ಅದು ಸುಳ್ಳು ಕಥೆ. ಎರಡು ಕಣ್ಣುಗಳೂ ಕೈ ಜೋಡಿಸಿದಾಗ ಏನಾಗುತ್ತದೆ ಅನ್ನುವುದೇ ನಿಮ್ಮ ಕಥೆಯ ಜಾಗ.

3. ಒಂದೇ ಒಂದು ದಾಖಲೆ ಆರಿಸಿ, ಅದರ ನಿಯಮ ಬರೆಯಿರಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಇಲ್ಲಿ ಅವಸರ ಬೇಡ.

ಪಟ್ಟಿಯಿಂದ ಒಂದನ್ನು ಮಾತ್ರ ತೆಗೆದುಕೊಳ್ಳಿ. ಹೆಬ್ಬೆಟ್ಟು ಅಂತಿಟ್ಟುಕೊಳ್ಳೋಣ. ಬೆರಳಚ್ಚನ್ನು ಗುರುತಿಗೆ ಬಳಸುವ ಕೆಲಸ ನಮ್ಮ ದೇಶದಲ್ಲೇ ಬೆಳೆದದ್ದು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನಿಂದ ಕರಾರಿನ ಮೇಲೆ ಇಡೀ ಅಂಗೈ ಅಚ್ಚು ಒತ್ತಿಸಿಕೊಂಡ. ಆಮೇಲೆ ಮಾತಿಗೆ ತಪ್ಪಬಾರದು ಅನ್ನುವುದೇ ಅದರ ಉದ್ದೇಶ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಬ್ಯೂರೋ ಶುರುವಾಯಿತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಂತೂ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ರಿಜಿಸ್ಟರಿನಲ್ಲಿ ಬರೆಸಿತು. ಸ್ವಾತಂತ್ರ್ಯ ಬಂದ ಮೇಲೂ ಅದು ರದ್ದಾಗಲು 1952ರವರೆಗೆ ಕಾಯಬೇಕಾಯಿತು. ಕಣ್ಗಾವಲಿನ ಇತಿಹಾಸ ಹುಡುಕಲು ದೂರದ ದೇಶಕ್ಕೇ ಹೋಗಬೇಕಿಲ್ಲ.

ಇನ್ನು ಆ ಹೆಬ್ಬೆಟ್ಟನ್ನು ನಮ್ಮಲ್ಲಿಗೆ ತನ್ನಿ. ಅಡಿಕೆ ಸುಗ್ಗಿಯಲ್ಲಿ ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕೂತು ಸುಲಿದ ಹೆಂಗಸಿನ ಬೆರಳು ನೋಡಿ. ತುದಿ ಸವೆದು ನುಣ್ಣಗಾಗಿರುತ್ತದೆ. ಉಗುರಿನ ಸಂದಿಯಲ್ಲಿ, ಚರ್ಮದ ಬಿರುಕಿನಲ್ಲಿ ಅಡಿಕೆಯ ಚೊಗರು (ಕಲೆ ಬಿಡುವ ರಸ) ಕಪ್ಪಾಗಿ ಕೂತಿರುತ್ತದೆ. ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಆ ಬೆರಳನ್ನು ಅವಳು ಯಂತ್ರದ ಗಾಜಿನ ಮೇಲೆ ಇಡುತ್ತಾಳೆ. ಕೆಂಪು ದೀಪ. ಸೆರಗಿನಿಂದ ಒರೆಸಿ ಮತ್ತೆ ಇಡುತ್ತಾಳೆ. ಮತ್ತೆ ಕೆಂಪು. ಅಂಗಡಿಯವರು "ಆ ಕೈ ಕೊಡಿ ಅಕ್ಕಾ" ಅನ್ನುತ್ತಾರೆ. ಹಿಂದೆ ಸಾಲಿನಲ್ಲಿ ನಿಂತವರು ಸುಮ್ಮನೆ ನೋಡುತ್ತಾರೆ. ಅವಳನ್ನು ಹುಟ್ಟಿದಾಗಿನಿಂದ ಬಲ್ಲವರೇ ಆ ಅಂಗಡಿಯಲ್ಲಿ ತುಂಬಿದ್ದಾರೆ. ಆದರೂ ಅವಳು ಅವಳೇ ಅಂತ ಹೇಳುವ ಹಕ್ಕು ಅವರಲ್ಲಿ ಯಾರಿಗೂ ಇಲ್ಲ. ನಿಮ್ಮ ಡಿಸ್ಟೋಪಿಯಾ ಈ ಸಾಲಿನಲ್ಲೇ ನಿಂತಿದೆ. ಇದನ್ನು ಹತ್ತು ವರ್ಷ ಮುಂದಕ್ಕೆ ತಳ್ಳುವುದಷ್ಟೇ ನಿಮ್ಮ ಕೆಲಸ.

ಹಾಗೆ ತಳ್ಳುವ ಮೊದಲು ಐದು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ಯಾರು ನೋಡುತ್ತಾರೆ? ಏನನ್ನು ಬರೆದಿಡುತ್ತಾರೆ? ಅದನ್ನು ಇನ್ಯಾರಿಗೆ ಕೊಡುತ್ತಾರೆ? ಅದರಿಂದ ಏನು ನಿಂತುಹೋಗುತ್ತದೆ? ತಪ್ಪಾದರೆ ಯಾರ ಹತ್ತಿರ ಹೇಳಿಕೊಳ್ಳಬೇಕು?

ಒಂದು ಮಾದರಿ ಕೊಡುತ್ತೇನೆ. ಕಾನಿನ ಅಂಚಿನಲ್ಲಿ ಒಂದು ಊರು. ಕಾಡಿನ ಕ್ಯಾಮೆರಾದಲ್ಲಿ ಹೊತ್ತಲ್ಲದ ಹೊತ್ತಲ್ಲಿ ಮನುಷ್ಯರ ಚಿತ್ರ ಬಿದ್ದರೆ ಆ ಮನೆಯ ಚೀಟಿಗೆ ಒಂದು ಕಪ್ಪು ಗುರುತು. ಮೂರು ಗುರುತಾದರೆ ಆ ವರ್ಷ ಆ ಮನೆಯ ಅಡಿಕೆಯನ್ನು ಮಂಡಿಯಲ್ಲಿ ರಾಶಿ ಅಂತ ಬರೆಯುವುದಿಲ್ಲ, ಗೊರಬಲು ಅಂತ ಬರೆಯುತ್ತಾರೆ. ರಾಶಿ ಒಳ್ಳೆಯ ದರ ಸಿಗುವ ಕೆಂಪಡಿಕೆ, ಗೊರಬಲು ಕಡಿಮೆ ದರದ ಮಾಲು. ಇದು ಅಡಿಕೆ ಸೀಮೆಯ ಹೊರಗಿನ ಓದುಗರಿಗಾಗಿ ಹೇಳಿದ್ದು. ಮೂಟೆಯಲ್ಲಿರುವ ಅಡಿಕೆ ಅದೇ. ಬೆಳೆದ ಮನೆಯ ಗುರುತು ಬದಲಾಗಿದೆ, ಅದಕ್ಕೆ ದರ ಬದಲಾಗಿದೆ. ದೂರು ಕೊಡಲು ಶಿವಮೊಗ್ಗಕ್ಕೆ ಹೋಗಬೇಕು. ಅಲ್ಲಿ "ಇದು ಕಾಡಿನ ಇಲಾಖೆಯವರ ವಿಷಯ" ಅನ್ನುತ್ತಾರೆ. ಕಾಡಿನವರನ್ನು ಕೇಳಿದರೆ "ದರ ನಮಗೆ ಸಂಬಂಧ ಇಲ್ಲ" ಅನ್ನುತ್ತಾರೆ.

ಇಂಥದ್ದು ನಮ್ಮ ನೆಲಕ್ಕೆ ಹೊಸದೇನಲ್ಲ. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು. ಅಲ್ಲಿನ ಜಗಳದ ಬೇರು ಗೇಣಿ ಭತ್ತ ಅಳೆಯುವ ಕೊಳಗದಲ್ಲಿತ್ತು. ಒಡೆಯರು ಭತ್ತ ಅಳೆದು ತೆಗೆದುಕೊಳ್ಳುವಾಗ ದೊಡ್ಡ ಕೊಳಗ ಹಿಡಿಯುತ್ತಿದ್ದರು. ಅಳತೆ ಯಾರ ಕೈಯಲ್ಲಿದೆಯೋ ಬದುಕೂ ಅವರ ಕೈಯಲ್ಲಿ. ಅಂಕ, ಸ್ಕೋರ್, ರೇಟಿಂಗ್ ಅಂತ ನೀವು ಏನೇ ಹೆಸರಿಟ್ಟು ಬರೆದರೂ ಆ ಕೊಳಗ ನೆನಪಿನಲ್ಲಿರಲಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿ ಮುಳುಗಡೆಯ ಎಷ್ಟೋ ಕುಟುಂಬಗಳು ಇನ್ನೂ ಭೂಮಿಯ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ಅಂಥ ಮನೆಯ ಹಿರಿಯರ ಹತ್ತಿರ ಅರ್ಧ ಗಂಟೆ ಕೂತರೆ, ಒಂದು ಕಾಗದ ಇಲ್ಲದಿದ್ದರೆ ಮನುಷ್ಯ ಹೇಗೆ ಇಲ್ಲದವನಾಗುತ್ತಾನೆ ಅನ್ನುವುದು ಯಾವ ಕಾದಂಬರಿಗಿಂತ ಚೆನ್ನಾಗಿ ತಿಳಿಯುತ್ತದೆ.

ಎಚ್ಚರ: ಎಲ್ಲ ಯಂತ್ರವನ್ನೂ ಒಂದೇ ಕಥೆಗೆ ತುಂಬಬೇಡಿ. ಮುಖ ಗುರುತಿಸುವ ಕ್ಯಾಮೆರಾ, ಡ್ರೋನ್, ಮೈಯೊಳಗೆ ಚಿಪ್ ಎಲ್ಲ ಬಂದರೆ ಓದುಗರಿಗೆ ಯಾವುದಕ್ಕೂ ಹೆದರಿಕೆ ಆಗುವುದಿಲ್ಲ. ನಿಯಮವನ್ನು ನಾಲ್ಕು ಸಾಲಿನಲ್ಲಿ ಹೇಳಲು ಬರದಿದ್ದರೆ ಅದು ಇನ್ನೂ ಹಣ್ಣಾಗಿಲ್ಲ.

4. ಜನ ಯಾಕೆ ಒಪ್ಪಿಕೊಂಡರು?

ಮೇಲಿನವರು ತಂದು ಹೇರಿದರು ಅಂತ ಬರೆಯುವುದು ಸುಲಭ. ನಿಜದಲ್ಲಿ ಹೆಚ್ಚಿನ ಸಲ ಜನರೇ ಕೇಳಿ ತರಿಸಿಕೊಳ್ಳುತ್ತಾರೆ, ಅದಕ್ಕೆ ಒಳ್ಳೆಯ ಕಾರಣವೂ ಇರುತ್ತದೆ.

ಅಡಿಕೆಗೆ ರೇಟು ಬಂದ ಮೇಲೆ ಕಳ್ಳತನ ಜಾಸ್ತಿಯಾಯಿತು. ರಾತ್ರೋರಾತ್ರಿ ಮರದಿಂದಲೇ ಹಸಿ ಕೊನೆ ಇಳಿಸಿಕೊಂಡು ಹೋಗುತ್ತಾರೆ. ಅಂಗಳದಲ್ಲಿ ಒಣ ಹಾಕಿದ್ದನ್ನು ಮೂಟೆ ಕಟ್ಟುತ್ತಾರೆ. ವರ್ಷದ ದುಡಿಮೆ ಒಂದೇ ರಾತ್ರಿಯಲ್ಲಿ ಹೋದವರಿಗೆ ಕ್ಯಾಮೆರಾ ಹಾಕಬೇಡಿ ಅಂತ ಹೇಗೆ ಹೇಳುತ್ತೀರಿ? ಆನೆ ಬರುವ ಊರಿನಲ್ಲಿ ಮುನ್ಸೂಚನೆಯ ಮೆಸೇಜು ಜೀವ ಉಳಿಸುತ್ತದೆ. ನಿಮ್ಮ ಕಥೆಯಲ್ಲಿ ಕ್ಯಾಮೆರಾ ಮೊದಲ ವರ್ಷ ನಿಜವಾಗಿಯೂ ಕಳ್ಳನನ್ನು ಹಿಡಿಯಲಿ. ಊರು ಖುಷಿಪಡಲಿ. ಎರಡನೇ ವರ್ಷ ಅದೇ ಕ್ಯಾಮೆರಾದಲ್ಲಿ ಕೂಲಿಯಾಳು ಎಷ್ಟು ಹೊತ್ತು ಎಲೆಯಡಿಕೆ ಹಾಕುತ್ತಾ ಕೂತ ಅಂತ ನೋಡಲಿ. ಮೂರನೇ ವರ್ಷ ಆ ಮನೆಯ ಸೊಸೆ ಎಷ್ಟು ಹೊತ್ತಿಗೆ ಗೇಟು ದಾಟಿದಳು ಅಂತ ನೋಡಲಿ. ಕ್ಯಾಮೆರಾದ ಜಾಗ ಒಂದಿಂಚೂ ಬದಲಾಗಿಲ್ಲ.

5. ನಡವಳಿಕೆ ಬದಲಾಗುವುದನ್ನು ತೋರಿಸಿ

ಬೆಂಥಮ್ ಎಂಬ ಇಂಗ್ಲಿಷ್ ಚಿಂತಕ 1791ರಲ್ಲಿ ಪ್ಯಾನಾಪ್ಟಿಕನ್ ಎಂಬ ಜೈಲಿನ ನಕ್ಷೆ ಪ್ರಕಟಿಸಿದ. ದುಂಡಗಿನ ಕಟ್ಟಡ, ಸುತ್ತ ಕೋಣೆಗಳು, ನಡುವೆ ಒಂದು ಗೋಪುರ. ಗೋಪುರದಿಂದ ಎಲ್ಲ ಕೋಣೆಯೂ ಕಾಣುತ್ತದೆ, ಕೈದಿಗೆ ಮಾತ್ರ ಗೋಪುರದಲ್ಲಿ ಯಾರಿದ್ದಾರೆ ಅಂತ ಕಾಣುವುದಿಲ್ಲ. ಯಾರೂ ಇಲ್ಲದಿದ್ದರೂ ಅವನು ನೆಟ್ಟಗಿರುತ್ತಾನೆ. ಫ್ರಾನ್ಸಿನ ಮಿಷೆಲ್ ಫೂಕೊ 1975ರಲ್ಲಿ ಇದನ್ನೇ ಎತ್ತಿಕೊಂಡು, ಶಾಲೆ, ಆಸ್ಪತ್ರೆ, ಕಾರ್ಖಾನೆಗಳೂ ಹೀಗೇ ನಮ್ಮನ್ನು ಪಳಗಿಸುತ್ತವೆ ಅಂತ ವಿವರಿಸಿದ. ಸಿದ್ಧಾಂತ ನಿಮಗೆ ಇಷ್ಟು ಗೊತ್ತಿದ್ದರೆ ಸಾಕು.

ಕಥೆಗೆ ಬೇಕಾದ್ದು ಉತ್ತರಾಖಂಡದ ಕಾರ್ಬೆಟ್ ಹುಲಿ ಕಾಡಿನಿಂದ ಬಂದ ಒಂದು ವಿವರ. ಅಲ್ಲಿ ನಡೆದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಸೌದೆ, ಹುಲ್ಲಿಗೆ ಕಾಡಿಗೆ ಹೋಗುವ ಹೆಂಗಸರು ಅಲ್ಲಿ ಜೋರಾಗಿ ಮಾತಾಡುತ್ತಾ, ಹಾಡುತ್ತಾ ಹೋಗುತ್ತಿದ್ದರು. ಸದ್ದು ಕೇಳಿ ಆನೆ, ಹುಲಿ ದೂರ ಸರಿಯಲಿ ಅಂತ. ಕ್ಯಾಮೆರಾ ಟ್ರ್ಯಾಪ್ ಕಂಡ ಕಡೆ ಅವರು ಸುಮ್ಮನಾಗತೊಡಗಿದರು. ಯಾರು ನೋಡುತ್ತಾರೋ, ಯಾರು ಕೇಳಿಸಿಕೊಳ್ಳುತ್ತಾರೋ ಅನ್ನುವ ಸಂಕೋಚ. ಹೀಗೆ ಸದ್ದು ನಿಂತರೆ ಕಾಡುಪ್ರಾಣಿ ಎದುರಾಗುವ ಅಪಾಯ ಹೆಚ್ಚು. ಪ್ರಾಣಿಗಾಗಿ ಇಟ್ಟ ಯಂತ್ರ ಹೆಂಗಸರ ಹಾಡು ನಿಲ್ಲಿಸಿತು. ಯಾರೂ ಅವರಿಗೆ ಹಾಡಬೇಡಿ ಅಂದಿರಲಿಲ್ಲ. ಕಣ್ಗಾವಲು ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಹೇಳುವ ದೃಶ್ಯ ನನಗೆ ಗೊತ್ತಿಲ್ಲ.

ಕ್ಯಾಮೆರಾ ಟ್ರ್ಯಾಪ್ ಅಂದರೆ ಮುಂದೆ ಏನಾದರೂ ಸುಳಿದಾಡಿದರೆ ತಾನೇ ಫೋಟೋ ತೆಗೆಯುವ ಡಬ್ಬಿ. ಹುಲಿಯ ಪಟ್ಟೆ ಎರಡೂ ಬದಿಯಿಂದ ಸಿಗಲಿ ಅಂತ ದಾರಿಯ ಎರಡೂ ಕಡೆ, ಮೊಣಕಾಲೆತ್ತರಕ್ಕೆ ಕಟ್ಟುತ್ತಾರೆ. ಭದ್ರಾ ಕಾಡು ಹುಲಿ ಸಂರಕ್ಷಿತ ಪ್ರದೇಶವಾದದ್ದು 1998ರಲ್ಲಿ. ಹುಲಿ ಎಣಿಕೆಗೆ ಇಂಥ ಡಬ್ಬಿ ಬೇಕೇ ಬೇಕು, ಅದರಿಂದ ಕಾಡಿಗೆ ಒಳ್ಳೆಯದೂ ಆಗಿದೆ. ಅದನ್ನು ಮರೆತು ಬರೆಯಬೇಡಿ.

ಇದನ್ನು ನಮ್ಮ ಕಡೆಗೆ ತಂದರೆ ಹೇಗಿರುತ್ತದೆ? ದರಗು, ಅಂದರೆ ಕಾಡಿನಲ್ಲಿ ಉದುರಿದ ಒಣ ಎಲೆ, ಗುಡಿಸಲು ಹೊರಟ ಇಬ್ಬರನ್ನು ಇಟ್ಟುಕೊಂಡು ಒಂದು ತುಣುಕು ಬರೆದು ನೋಡಿದ್ದೇನೆ:

ಹಳ್ಳ ದಾಟುವವರೆಗೂ ಗೌರಕ್ಕ ಹಾಡುತ್ತಲೇ ಇದ್ದಳು. ನಂದಿಮರದ ಹತ್ತಿರ ಬಂದಾಗ ಲಲಿತ ಅವಳ ಮೊಣಕೈ ಹಿಡಿದಳು.
"ಸಾಕು ಮಾರಾಯ್ತಿ. ಅಲ್ಲಿ ಡಬ್ಬಿ ಕಟ್ಟಿದಾರೆ."
"ಕಟ್ಲಿ ಬಿಡು. ನಾವೇನು ಮರ ಕಡಿತೀವಾ?"
"ಕಡಿಯೋದಿಲ್ಲ. ಆದ್ರೂ."
ಗೌರಕ್ಕ ಸೆರಗು ಸರಿ ಮಾಡಿಕೊಂಡಳು. ಮಂಡಿಯ ಮೇಲಕ್ಕೆ ಕಟ್ಟಿದ್ದ ಸೀರೆಯನ್ನು ಬಿಚ್ಚಿ ಕೆಳಗಿಳಿಸಿದಳು. ಒದ್ದೆ ಅಂಚು ಕಾಲಿಗೆ ಅಂಟಿತು. ಇಬ್ಬರೂ ಡಬ್ಬಿಯ ಮುಂದೆ ತಲೆ ತಗ್ಗಿಸಿ ನಡೆದರು, ದೇವಸ್ಥಾನದ ಮುಂದೆ ಹೋಗುವ ಹಾಗೆ. ತಿರುವು ದಾಟಿದ ಮೇಲೂ ಗೌರಕ್ಕನಿಗೆ ಹಾಡು ಎಲ್ಲಿ ನಿಂತಿತ್ತು ಅಂತ ನೆನಪಾಗಲಿಲ್ಲ.

ಇಲ್ಲಿ ಪೊಲೀಸರಿಲ್ಲ, ಶಿಕ್ಷೆಯೂ ಇಲ್ಲ. ಸೀರೆ ಕೆಳಗಿಳಿದದ್ದು ಇದೆ. ನೀವೂ ನಿಮ್ಮ ಪಾತ್ರಗಳನ್ನು ಕ್ಯಾಮೆರಾ ಬರುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ಅದೇ ದಾರಿಯಲ್ಲಿ ನಡೆಸಿ. ಯಾವ ಮಾತು, ಯಾವ ಸನ್ನೆ ಕಾಣೆಯಾಯಿತು ಅಂತ ನೋಡಿ. ಅದನ್ನು ಮಾತ್ರ ಬರೆಯಿರಿ, ಅದರ ಅರ್ಥ ಬಿಡಿಸಿ ಹೇಳಬೇಡಿ.

ಎಚ್ಚರ: ಹೊಸಬರು ಬೇಗ ಚಿತ್ರಹಿಂಸೆಗೆ ಇಳಿಯುತ್ತಾರೆ. ಲಾಠಿ, ಕತ್ತಲೆ ಕೋಣೆ, ಕಿರುಚಾಟ. ಕಥೆ ಅಲ್ಲಿಗೆ ಹೋದ ಕೂಡಲೇ ಅದು ಕಣ್ಗಾವಲಿನ ಕಥೆಯಾಗಿ ಉಳಿಯುವುದಿಲ್ಲ, ಹಿಂಸೆಯ ಕಥೆಯಾಗುತ್ತದೆ. ಅದು ಬೇಕೇ ಬೇಕಿದ್ದರೆ ಕಥೆಯ ಕೊನೆಯ ಭಾಗಕ್ಕೆ ಇಟ್ಟುಕೊಳ್ಳಿ.

6. ನೋಡುವವರಿಗೂ ಒಂದು ಮನೆ ಕೊಡಿ

ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಪಡೆ ಸ್ಟಾಸಿ 1950ರಲ್ಲಿ ಹುಟ್ಟಿ 1990ರಲ್ಲಿ ಮುಗಿಯಿತು. ಕೊನೆಯ ವರ್ಷಗಳಲ್ಲಿ ಅದಕ್ಕೆ ಸುದ್ದಿ ಕೊಡುವವರೇ ಒಂದೂವರೆ ಲಕ್ಷಕ್ಕಿಂತ ಹೆಚ್ಚಿದ್ದರು. ನೆರೆಮನೆಯವರು, ಸಹೋದ್ಯೋಗಿಗಳು, ಕೆಲವು ಕಡೆ ಗಂಡ ಹೆಂಡತಿಯರೇ. '1984'ರಲ್ಲಿ ಒಬ್ಬ ತಂದೆಯನ್ನು ಹಿಡಿದುಕೊಡುವುದು ಅವನ ಪುಟ್ಟ ಮಗಳು.

ನಿಮ್ಮ ಕಥೆಯಲ್ಲಿ ಕ್ಯಾಮೆರಾದ ಮೆಮೊರಿ ಕಾರ್ಡ್ ತೆಗೆಯಲು ಬರುವವನು ದಿನಗೂಲಿಯ ವಾಚರ್ ಆಗಿರಲಿ. ಉಂಬಳ (ಜಿಗಣೆ) ಕಚ್ಚಿಸಿಕೊಂಡು, ಮಳೆಯಲ್ಲಿ ನೆನೆದು ಕಾಡು ಸುತ್ತುವವನು. ಗೌರಕ್ಕ ಅವನಿಗೆ ಚಿಕ್ಕಮ್ಮನ ವರಸೆ. ಕಾರ್ಡಿನಲ್ಲಿ ಅವಳ ಚಿತ್ರ ಇದೆ. ಅದನ್ನು ಅಳಿಸಿದರೆ ಎಣಿಕೆಯಲ್ಲಿ ಒಂದು ಕಮ್ಮಿಯಾಗುತ್ತದೆ, ಅವನ ಕೆಲಸಕ್ಕೆ ಕುತ್ತು. ಅಳಿಸದಿದ್ದರೆ ಅವಳ ಚೀಟಿಗೆ ಮೂರನೇ ಗುರುತು. ಈ ಒಬ್ಬನ ಒಂದು ರಾತ್ರಿ ಸಾಕು ಇಡೀ ಕಥೆಗೆ. ಖಳನಾಯಕನನ್ನು ಹುಡುಕುತ್ತಾ ಹೋಗಬೇಡಿ. ಇಂಥ ವ್ಯವಸ್ಥೆಯನ್ನು ನಡೆಸುವವರು ಹೆಚ್ಚಾಗಿ ಕೆಲಸ ಉಳಿಸಿಕೊಳ್ಳಬೇಕಾದವರು.

7. ಮಳೆ, ಕರೆಂಟು, ನೆಟ್‌ವರ್ಕು

ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ನೆಟ್‌ವರ್ಕ್ ಇಲ್ಲದ ಊರಿಗೆ ಕಣ್ಗಾವಲಿನಿಂದ ಬಿಡುಗಡೆ ಇಲ್ಲ. ಅಲ್ಲಿ ಅದು ಇನ್ನೂ ಬಿಗಿಯಾಗುತ್ತದೆ.

ಆಗುಂಬೆ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಆಷಾಢದಲ್ಲಿ ಮರ ಬಿದ್ದರೆ ವಾರಗಟ್ಟಲೆ ಕರೆಂಟಿಲ್ಲ. ಅಂಥ ದಿನ ಹೆಬ್ಬೆಟ್ಟಿನ ಯಂತ್ರ ಸರ್ವರ್ ಹುಡುಕುತ್ತಾ ಕೂತರೆ ಅಕ್ಕಿ ಸಿಗುವುದಿಲ್ಲ. ಯಂತ್ರವನ್ನು ಗುಡ್ಡದ ಮೇಲೆ ಒಯ್ದು, ಅಜ್ಜಿಯನ್ನೂ ಅಲ್ಲಿಗೇ ಹತ್ತಿಸಿ ಬೆರಳು ಒತ್ತಿಸಬೇಕಾಗುತ್ತದೆ. ನಗರದ ಡಿಸ್ಟೋಪಿಯಾದಲ್ಲಿ ವ್ಯವಸ್ಥೆ ತಪ್ಪೇ ಮಾಡುವುದಿಲ್ಲ, ಎಲ್ಲವನ್ನೂ ಕಾಣುತ್ತದೆ. ಮಲೆನಾಡಿನದು ಅರೆಬರೆ ಕಾಣುತ್ತದೆ, ಆದರೆ ಪೂರ್ತಿ ಶಿಕ್ಷೆ ಕೊಡುತ್ತದೆ. ಕಾಣದೆ ಹೋದದ್ದಕ್ಕೂ ನಿಮ್ಮನ್ನೇ ಹೊಣೆ ಮಾಡುತ್ತದೆ: "ಹಾಜರಿ ದಾಖಲಾಗಿಲ್ಲ, ನೀವು ಬಂದಿಲ್ಲ." ಇದನ್ನು ಬರೆಯಲು ನಿಮಗಿಂತ ಒಳ್ಳೆಯ ಜಾಗದಲ್ಲಿ ಇರುವವರು ಯಾರೂ ಇಲ್ಲ.

8. ನೋಟೀಸಿನ ಭಾಷೆ, ಮನೆಯ ಭಾಷೆ

ಬೇಗ ಹೇಳಿ ಮುಗಿಸುತ್ತೇನೆ. ವ್ಯವಸ್ಥೆ ಮಾತಾಡುವಾಗ ನೋಟೀಸಿನ ಕನ್ನಡ ಬಳಸಿ: "ಸದರಿ ಕುಟುಂಬವು ನಿಗದಿತ ಅವಧಿಯಲ್ಲಿ ಹಾಜರಾಗದ ಕಾರಣ". ಪಂಚಾಯ್ತಿಯ ಗೋಡೆಗೆ ಅಂಟಿಸಿದ ಕಾಗದಗಳನ್ನು ಓದಿ ಅದರ ಹದ ಹಿಡಿಯಿರಿ. ಪಾತ್ರಗಳು ನಿಮ್ಮ ಮನೆಯ ಮಾತನ್ನೇ ಆಡಲಿ. ಆ ನೋಟೀಸಿನ ಮಾತು ಯಾವತ್ತು ಪಾತ್ರದ ಬಾಯಿಗೆ ಬರುತ್ತದೋ, ತಾಯಿ ಮಗನಿಗೆ "ನೀನು ನಿಗದಿತ ಅವಧಿಯಲ್ಲಿ ಮನೆಗೆ ಬಾ" ಅನ್ನುತ್ತಾಳೋ, ಅವತ್ತು ಓದುಗರ ಎದೆ ಝಲ್ಲೆನ್ನುತ್ತದೆ. ಅದನ್ನು ಒಂದೇ ಸಲ ಬಳಸಿ.

9. ಕಾನೂನು ಎಲ್ಲಿದೆ ಅಂತ ತಿಳಿದಿರಲಿ

ಕಥೆಯೊಳಗೆ ಯಾರಾದರೂ ಒಬ್ಬರು "ಇದು ಸರಿಯಾ?" ಅಂತ ಕೇಳಿಯೇ ಕೇಳುತ್ತಾರೆ. ಉತ್ತರ ನಿಮಗೆ ಗೊತ್ತಿರಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ತೀರ್ಪು ಕೊಟ್ಟರು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರನ್ನು ಉಳಿಸಿ, ಅದರ ಕೆಲವು ಬಳಕೆಗಳನ್ನು ಕತ್ತರಿಸಿತು. ಜನರ ಮಾಹಿತಿಯ ರಕ್ಷಣೆಗೆ 2023ರಲ್ಲಿ ಒಂದು ಕಾಯ್ದೆಯೂ ಬಂತು. ಇನ್ನೂ ಹಿಂದಕ್ಕೆ ಹೋಗುವುದಾದರೆ 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗಿನ ತುರ್ತು ಪರಿಸ್ಥಿತಿ ಇದೆ. ಪತ್ರಿಕೆಗೆ ಸೆನ್ಸಾರ್, ವಿಚಾರಣೆ ಇಲ್ಲದೆ ಜೈಲು, ಎಲ್ಲವನ್ನೂ ಕಂಡ ಹಿರಿಯರು ನಿಮ್ಮೂರಲ್ಲೂ ಇರಬಹುದು. ಅವರನ್ನು ಮಾತಾಡಿಸಿ.

ಹಾಗಂತ ಕಥೆಯನ್ನು ಕೋರ್ಟಿಗೆ ಒಯ್ಯಬೇಡಿ. ಹಕ್ಕು ಕಾಗದದಲ್ಲಿದೆ, ರೇಷನ್ ಅಂಗಡಿ ಗುಡ್ಡದ ಬುಡದಲ್ಲಿದೆ. ನಡುವಿನ ದಾರಿಯೇ ನಿಮ್ಮ ವಸ್ತು.

10. ಹೊರಗೆ ಕಳಿಸುವ ಮೊದಲು

ಕೊನೆಯಲ್ಲಿ ದಂಗೆ ಎದ್ದು ಎಲ್ಲ ಯಂತ್ರ ಒಡೆದು ಹಾಕುವುದು, ಇಲ್ಲವೇ ಎಲ್ಲರೂ ಸೋತು ಹೋಗುವುದು, ಎರಡೂ ಬೇಡ ಅನ್ನುತ್ತೇನೆ. ನಿಮ್ಮ ನಿಯಮದಲ್ಲೇ ಒಂದು ಸಂದಿ ಇರುತ್ತದೆ, ಪಾತ್ರ ಅದನ್ನು ತಾನೇ ಹುಡುಕಿಕೊಳ್ಳಲಿ. ವಾಚರ್ ಡಬ್ಬಿಯನ್ನು ಒಂದು ಗೇಣು ತಿರುಗಿಸಿ ಕಟ್ಟಬಹುದು. ಅಷ್ಟಕ್ಕೇ ಕಥೆ ನಿಲ್ಲಿಸಬಹುದು.

ಮಾಹಿತಿಗೆ ಅಂತ ಅನುಮತಿ ಇಲ್ಲದೆ ಸಂರಕ್ಷಿತ ಕಾಡಿಗೆ ಹೋಗಬೇಡಿ, ನಿಜವಾದ ಕ್ಯಾಮೆರಾ ಟ್ರ್ಯಾಪ್ ಮುಟ್ಟಬೇಡಿ. ಊರಿನ ಹೆಸರು ಬದಲಿಸಿ. ಒಬ್ಬರೇ ಇರುವ ಕೆಲಸವನ್ನು ಪಾತ್ರಕ್ಕೆ ಕೊಡಬೇಡಿ. ಊರಿಗೆ ಇರುವುದು ಒಂದೇ ರೇಷನ್ ಅಂಗಡಿಯಾದರೆ ಆ ಅಂಗಡಿಯವರು ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಅವರನ್ನು ಡೇರಿಗೋ ಅಂಚೆಗೋ ಕಳಿಸಿ. ಬೇರೆಯವರ ಬದುಕನ್ನು ಗುರುತು ಸಿಗುವ ಹಾಗೆ ಬರೆದಿಟ್ಟರೆ ನಾವೂ ಅದೇ ಕೆಲಸ ಮಾಡಿದಂತಾಗುತ್ತದೆ.

ಮೊದಲ ಕರಡು ಹತ್ತು ಪುಟದ ಒಳಗಿರಲಿ. ಅದನ್ನು ಊರಿನ ಇಬ್ಬರಿಗೆ ಓದಿ ಹೇಳಿ: ಡಿಸ್ಟೋಪಿಯಾ ಎಂಬ ಮಾತನ್ನೇ ಕೇಳಿರದ ಒಬ್ಬರಿಗೆ, ದಾಖಲೆಯ ಕೆಲಸ ಮಾಡುವ ಇನ್ನೊಬ್ಬರಿಗೆ. ಮೊದಲನೆಯವರು "ಇದರಲ್ಲಿ ಏನು ಹೊಸದು, ಇದೆಲ್ಲ ಇರೋದೇ ಅಲ್ವಾ" ಅಂದರೆ ನಿಮ್ಮ ಕಥೆಯ ತಳಪಾಯ ಗಟ್ಟಿಯಾಗಿದೆ, ಆದರೆ ಇನ್ನಷ್ಟು ಮುಂದಕ್ಕೆ ತಳ್ಳಬೇಕಿದೆ. ಎರಡನೆಯವರು "ಹೀಗೆ ಆಗಲ್ಲ, ಈ ಫಾರಂ ಅಲ್ಲಿಗೆ ಹೋಗೋದೇ ಇಲ್ಲ" ಅಂದರೆ ಪೆನ್ನು ತೆಗೆದು, ಅದು ಎಲ್ಲಿಗೆ ಹೋಗುತ್ತದೆ ಅಂತ ಕೇಳಿ ಬರೆದುಕೊಳ್ಳಿ.